ಉಗುರಂಚಿನ ಬೂದು ಬಣ್ಣ

ಅವರ ಬಲಗೈ ಹೆಬ್ಬೆರಳಿನ ಉಗುರಂಚಿನಲ್ಲಿ ಯಾವಾಗಲೂ ಬೂದು ಬಣ್ಣದ ಒಂದು ತೆಳುಗೆರೆ ಇರುತ್ತಿತ್ತು. ಕೇಳಿದರೆ, "ಮನೆ ಗೇಟಿಗೆ ಪೇಂಟ್ ಹೊಡೀತಿದ್ದೆ" ಅನ್ನುತ್ತಿದ್ದರು. ವರ್ಷವಿಡೀ ಬಣ್ಣ ಬಳಿಸಿಕೊಳ್ಳುವ ಗೇಟು ಅವರಿದ್ದ ಭದ್ರಾವತಿಯ ಜನ್ನಾಪುರದಲ್ಲಿ ಯಾವುದಿದೆ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಶಿವಮೊಗ್ಗದ ನಮ್ಮ ಪತ್ರಿಕೆಗೆ ಅವರು ಸುದ್ದಿ ಸಂಪಾದಕರು, ನಾನು ವರದಿಗಾರ. ಯಾವ ವರದಿ ಕೊಟ್ಟರೂ ಅವರದು ಒಂದೇ ಪ್ರಶ್ನೆ: "ಯಾರು ನೋಡಿದ್ದು?" ಸಭೆಗೆ ಅಪಾರ ಜನಸ್ತೋಮ ಬಂದಿತ್ತೆಂದು ಬರೆದಾಗ, "ಸ್ತೋಮ ಇರ್ಲಿ, ಹಿಂದಿನ ಕುರ್ಚಿ ಖಾಲಿ ಇದ್ವೋ ಇಲ್ವೋ ಹೇಳು ಮಾರಾಯ" ಎಂದು ರೇಗಿದ್ದರು.

ಒಂದು ಸಂಜೆ ನನಗೂ ಭದ್ರಾವತಿಯಲ್ಲಿ ಕೆಲಸವಿತ್ತು. ಬಸ್ ನಿಲ್ದಾಣಕ್ಕೆ ಇಬ್ಬರೂ ನಡೆದು ಹೊರಟವರು ಗಾಂಧಿ ಬಜಾರಿನ ಆಟಿಕೆ ಅಂಗಡಿಯ ಮುಂದೆ ನಿಂತೆವು. "ಅಕ್ಕನ ಮೊಮ್ಮಗನಿಗೆ ಏನಾದ್ರೂ ತಗೋಬೇಕು" ಎಂದು ಅವರು ಒಳಗೆ ಹೋದರು.

ಮೇಜಿನ ಮೇಲೆ ಎರಡು ಬಾಹ್ಯಾಕಾಶ ನೌಕೆಗಳು ಬಂದವು. ಎರಡೂ ಕಲ್ಪನೆಯ ಕಥೆಗಳಲ್ಲಷ್ಟೇ ಹಾರುವಂಥವು. ಒಂದು, ಬೂದು ಬಿಡಿಭಾಗಗಳನ್ನು ಅಂಟಿಸಿ ಬಣ್ಣ ಬಳಿದು ನಾವೇ ಕಟ್ಟಬೇಕಾದ ಸ್ಕೇಲ್ ಮಾಡೆಲ್ ಕಿಟ್. ಇನ್ನೊಂದು ಕೆಂಪು ಬಣ್ಣದ ಸಿದ್ಧ ಆಟಿಕೆ, ಗುಂಡಿ ಒತ್ತಿದರೆ ದೀಪ, ಸದ್ದು. ಅವರು ಕಿಟ್‌ನ ಡಬ್ಬಿ ಕೈಬಿಡಲಿಲ್ಲ. ಕನ್ನಡಕ ಹಣೆಗೇರಿಸಿ ಅದರ ಮಗ್ಗುಲಲ್ಲಿ ಅಚ್ಚಾಗಿದ್ದ ಅಳತೆ ಓದಿದರು. ರೆಕ್ಕೆಯ ಚಿತ್ರದ ಮೇಲೆ ಆ ಬೂದು ಉಗುರು ಮೆಲ್ಲಗೆ ಸರಿಯಿತು.

"ಮಗೂಗೆ ಎಷ್ಟು ವರ್ಷ ಸಾರ್?" ಅಂಗಡಿಯಾಕೆ ಕೇಳಿದರು.

"ಆರು."

"ಅಯ್ಯೋ, ಹಾಗಾದ್ರೆ ಇದು ಬೇಡ ಬಿಡಿ. ಚೂರು ಚೂರು ಪೀಸು, ಬಾಯಿಗೆ ಹಾಕ್ಕೊಂಡ್ರೆ? ಇದು ದೊಡ್ಡೋರದ್ದು. ನಿಮಗೇ ಆಗುತ್ತೆ ನೋಡಿ!"

ಆಕೆ ನಕ್ಕರು. ನಾನೂ ನಕ್ಕೆ, ಸ್ವಲ್ಪ ಜೋರಾಗಿಯೇ.

ಅವರು ನನ್ನತ್ತ ಒಮ್ಮೆ ನೋಡಿ ಡಬ್ಬಿಯನ್ನು ಕೆಳಗಿಟ್ಟರು. "ದೀಪದ್ದೇ ಕೊಡಿ."

ಬಸ್ಸು ಹಂಪ್ ಹಾರಿದಾಗ ಅವರ ಚೀಲದೊಳಗಿಂದ ಪೀಂವ್ ಪೀಂವ್ ಎಂದು ಶುರುವಾಯಿತು. "ಯಾರ್ದ್ರೀ ಅದು ಆಂಬುಲೆನ್ಸು?" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಅವರು ಚೀಲವನ್ನು ಎದೆಗವಚಿಕೊಂಡರು. ಅವಚಿದಷ್ಟೂ ಅದು ಕೂಗಿತು. ಕೊನೆಗೆ ಸದ್ದು ನಿಂತ ಮೇಲೆ, ಕಿಟಕಿಯಾಚೆ ನೋಡುತ್ತಾ ಹೇಳಿದರು:

"ಎಲ್ಲಿಯ ಮೊಮ್ಮಗ ಮಾರಾಯ. ಆ ಕಿಟ್ ನನಗೇ ಬೇಕಿತ್ತು. ಮನೇಲಿ ಒಂದು ಬೀರು ತುಂಬ ಕಟ್ಟಿಟ್ಟಿದೀನಿ."

"ಯಾರೂ ನೋಡಿಲ್ಲದ ನೌಕೆ ಸಾರ್ ಅವು!"

"ಅದಕ್ಕೇ. ದಿನವೆಲ್ಲ ನಿಮ್ಮ ಹತ್ರ ಕಂಡಿದ್ದನ್ನೇ ಬರೆಸ್ತೀನಿ. ಮನೆಗೆ ಹೋಗಿ ಕಾಣದ್ದನ್ನ ಕಟ್ಕೋತೀನಿ." ಚೀಲವನ್ನು ಸೀಟಿನ ಕೆಳಗೆ ತಳ್ಳಿ, "ಆಫೀಸಲ್ಲಿ ಹೇಳ್ಬೇಡ" ಎಂದರು.

ಹೇಳಲಿಲ್ಲ.

ಅವರು ನಿವೃತ್ತರಾಗಿ ಜನ್ನಾಪುರದಲ್ಲೇ ಇದ್ದರು. ಕಳೆದ ವರ್ಷ ತೀರಿಕೊಂಡರು. ನಿಧನ ವಾರ್ತೆ ಬರೆಯುವ ಕೆಲಸ ನನಗೆ ಬಂತು. ವಿವರಕ್ಕೆಂದು ಹೋದಾಗ ಅವರ ಹೆಂಡತಿ ನನ್ನನ್ನು ಬೀರುವಿನ ಮುಂದೆ ನಿಲ್ಲಿಸಿದರು. ಗಾಜಿನ ಹಿಂದೆ ನೌಕೆಗಳ ಸಾಲು. ಅವುಗಳ ನಡುವೆ ಅಂದಿನ ಆಟಿಕೆಯೂ ಇತ್ತು. ಅದರ ಕೆಂಪು ಕಾಣದ ಹಾಗೆ ಮೈತುಂಬ ಬೂದು ಬಳಿದಿದ್ದರು.

"ಇದನ್ನೂ ಬರೀರಪ್ಪ" ಎಂದರು ಆಕೆ. "ನಿಮಗೊಬ್ರಿಗೇ ಗೊತ್ತಂತೆ. ಇನ್ನು ಅವ್ನು ಹೇಳಿದ್ರೆ ಹೇಳ್ಲಿ ಬಿಡು ಅಂದಿದ್ರು ಇವ್ರು."

ಕಚೇರಿಗೆ ಬಂದು ಬರೆಯಲು ಕೂತೆ. ನೌಕೆಗಳ ವಾಕ್ಯಕ್ಕೆ ಬಂದಾಗ ಕೈ ನಿಂತಿತು. ಅಂಥವರು ಆಟಿಕೆ ಜೋಡಿಸುತ್ತಿದ್ದರೆಂದರೆ ಊರು ನಗುತ್ತದೆ, ಅವರ ಘನತೆಗೆ ಕುಂದು ಎಂದುಕೊಂಡೆ. 'ಓದು ಅವರ ನೆಚ್ಚಿನ ಹವ್ಯಾಸವಾಗಿತ್ತು' ಎಂದು ಮುಗಿಸಿದೆ. ಹಾಗೇ ಅಚ್ಚಾಯಿತು.

ಬೆಳಿಗ್ಗೆ ಅವರ ಹೆಂಡತಿಯ ಫೋನ್ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ.

"ಓದು ಅಂತ ಹಾಕಿದೀರಲ್ಲಪ್ಪ. ಪೇಪರ್ ಬಿಟ್ರೆ ಅವ್ರು ಬೇರೇನೂ ಓದಿದ್ದನ್ನ ನಾನು ನೋಡಿಲ್ವಲ್ಲ. ನೀವು ನೋಡಿದ್ರಾ?"

ಆ ಮನುಷ್ಯ ಆಸೆಪಟ್ಟು ಹಿಡಿದಿದ್ದನ್ನು ಅಂಗಡಿಯಲ್ಲಿ ನಗುವಿನಿಂದ ಕೆಳಗಿಡಿಸಿದ್ದೆ. ಈಗ ಮತ್ತೊಮ್ಮೆ, ಅವರು ತಡೆಯಲಾಗದ ಹೊತ್ತಿನಲ್ಲಿ, ಕೆಳಗಿಡಿಸಿದೆ.