ಗೌಹರಬಿಯ ಬೋಣಿ

ಧಾರಾವಿಯ ಗಲ್ಲಿಯೊಂದರ ಬಾಯಲ್ಲಿ ಚರ್ಮದ ಬೆಲ್ಟು ಹೊಲಿದು ಮಾರುವ ಗೌಹರಬಿಗೆ ಎರಡರ ಮೇಲೆ ನಂಬಿಕೆ: ಮೇಲೆ ಅಲ್ಲಾ, ಕೆಳಗೆ ಬೋಣಿ. ಬೆಳಗಿನ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ದಿನವೇ ಹಾಳು. ಇಂಡಿ ಕಡೆಯಿಂದ ಮದುವೆಯಾಗಿ ಬಂದವಳು, ಗಂಡನನ್ನು ಮಣ್ಣು ಮಾಡಿ, ಮಗನಿಗೆ ಮದುವೆಯನ್ನೂ ಮಾಡಿದವಳು. ಬೈಗುಳದಲ್ಲಿ ಮಾತ್ರ ಇನ್ನೂ ಊರು ಬಿಟ್ಟಿಲ್ಲ.

ಸೊಸೆ ಬುಷರಾಗೆ ಈಗ ಐದು ತಿಂಗಳು. ಗಲ್ಲಿಯ ತುದಿಯಲ್ಲೇ ಹೆಂಗಸರಿಗೆಂದು ಸರ್ಕಾರಿ ಪಾಯಖಾನೆ ಕಟ್ಟಿ ನಿಂತಿದೆ. ನೀರಿದೆ, ಟೈಲ್ಸಿದೆ, ಬಾಗಿಲಿಗೆ ಕೈಯಗಲದ ಬೀಗವೂ ಇದೆ. ಉದ್ಘಾಟನೆಗೆ ದೊಡ್ಡವರು ಯಾರೂ ಸಿಕ್ಕಿಲ್ಲವಂತೆ. ಪಾಯಖಾನೆಗೂ ಮುಹೂರ್ತ, ನೋಡಿ! ಅಲ್ಲಿಯವರೆಗೆ ಆ ಬಸುರಿ ಹೊಟ್ಟೆ ಹಿಡಿದುಕೊಂಡು, ಲಾರಿಗಳ ನಡುವೆ ರಸ್ತೆ ದಾಟಿ ಆಚೆಗೆ ಹೋಗಬೇಕು. ಒಮ್ಮೆ ಬಿದ್ದೂ ಬಂದಳು. ಅಂದು ಗೌಹರಬಿ ಗೊಳೋ ಎಂದು ಅತ್ತಳು. ಆಮೇಲೆ ಚಪ್ಪಲಿ ಮೆಟ್ಟಿ ಕೋರ್ಟಿಗೆ ಹೊರಟಳು.

ಪುಕ್ಕಟೆ ಕೇಸು ಹಾಕಿದವಳು ವಕೀಲೆ ಶ್ರೇಯಾ. ಉಡುಪಿಯವರ ಮಗಳು, ಮುಂಬೈಯಲ್ಲೇ ಹುಟ್ಟಿದವಳು. ಬಾಗಿಲು ತೆರೆಯುವ ಬಗ್ಗೆ ತಿಂಗಳೊಳಗೆ ತೀರ್ಮಾನ ಮಾಡಿ ಎಂದು ಕೋರ್ಟು ವಾರ್ಡ್ ಆಫೀಸಿಗೆ ಹೇಳಿತು. ಗೆದ್ದೇಬಿಟ್ಟೆವೆಂದು ಗೌಹರಬಿ ಗಲ್ಲಿಗೆಲ್ಲ ಪೇಢೆ ಹಂಚಿದಳು. ಮರುದಿನ ಆಫೀಸು ತೆರೆಯುತ್ತಲೇ ಎಲ್ಲರಿಗಿಂತ ಮೊದಲು ಸಾಹೇಬ ಕಾಶಿನಾಥರ ಮುಂದೆ ನಿಂತಳು. ಬೋಣಿ ಗಿರಾಕಿಯನ್ನು ಯಾರಾದರೂ ವಾಪಸು ಕಳಿಸುತ್ತಾರೆಯೇ?

ಕಾಶಿನಾಥ ಅಕ್ಕಲಕೋಟೆಯವರು, ಕನ್ನಡ ಬಲ್ಲವರು. "ತೀರ್ಮಾನ ಮಾಡೀನಿ, ಚಾಚಿ. ಸದ್ಯಕ್ಕ ತಗಿಯಂಗಿಲ್ಲ," ಎಂದು ಚಹಾ ಹೀರಿದರು.

"ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲಲ್ಲವ್ವಾ!" ಎಂದು ಗೌಹರಬಿ ಶ್ರೇಯಾಳ ಮುಂದೆ ಕುಸಿದಳು.

"ಆಂಟಿ, ತೀರ್ಮಾನ ಮಾಡು ಅಂತ ಕೋರ್ಟ್ ಹೇಳ್ಬಹುದು. ಹೀಗೇ ಮಾಡು ಅಂತ ಹೇಳ್ಬೇಕಾದ್ರೆ, ಅದು ಅವರ ಡ್ಯೂಟಿ, ಮರ್ಜಿ ನಹೀಂ ಅಂತ ನಾವು ಪ್ರೂವ್ ಮಾಡ್ಬೇಕು."

"ಜಡ್ಜ್ ಸಾಹೇಬ್ರು ಬಂದು ಒಂದ್ಸಲ ನಮ್ಮ ಕ್ಯೂದಾಗ ನಿಲ್ಲಲಿ. ತಾನ ಪ್ರೂವ್ ಆಗ್ತದ!"

ಇಬ್ಬರೂ ಮತ್ತೆ ಕೋರ್ಟಿಗೆ ಹೋದರು. ಈ ಸಲ ಕೋರ್ಟು ಸಿಡುಕಿತು: ಕಟ್ಟಿದ್ದನ್ನು ತೆರೆಯುವುದು ಕರ್ತವ್ಯ, ದಯೆಯಲ್ಲ, ತೆರೆಯಿರಿ. ಸಾಹೇಬರು ಆ ಆದೇಶವನ್ನೂ ನುಂಗಿ ಡರ್ರನೆ ತೇಗಿದರು. ಕೊನೆಗೆ ನ್ಯಾಯಾಂಗ ನಿಂದನೆಯ ನೋಟೀಸು ಹೋಯಿತು: ಖುದ್ದಾಗಿ ಬಂದು, ನಿಮ್ಮನ್ನು ಜೈಲಿಗೆ ಯಾಕೆ ಕಳಿಸಬಾರದು ಹೇಳಿ.

ವಿಚಾರಣೆಯ ದಿನ ಬೆಳಗ್ಗೆ ಗೌಹರಬಿ ಅಂಗಡಿಯ ಪರದೆ ಎತ್ತಿದರೆ ಎದುರಿಗೆ ಕಾಶಿನಾಥ! ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದರು.

"ಚಾಚಿ, ಬಾಗಿಲಾ ತಗದಾರ ಅಂತ ಒಂದು ಸಹಿ ಮಾಡ್ರಿ. ನಾಳಿ ತಗೀತೀನಿ, ನಿಮ್ಮಾಣಿ."

ಜನ್ಮ ಜಾಲಾಡಬೇಕೆಂದು ಗೌಹರಬಿ ಬಾಯಿ ತೆರೆದಳು. ಅಯ್ಯೋ, ಬೋಣಿ!

"ನೀವು ನನ್ನ ಬರಿಗೈಲೆ ಕಳಿಸಿದ್ರಿ. ನಾ ಹಂಗ ಕಳಿಸಂಗಿಲ್ಲ. ನಡ್ರಿ, ಈಗ ತಗೀರಿ, ಸಹಿ ಮಾಡ್ತೀನಿ."

ಸಾಹೇಬರು ಜೇಬಿನಿಂದ ಕೀಲಿಕೈ ಎತ್ತಿ ಬೀಗ ತೆಗೆದರು. ರಿಬ್ಬನ್ನಿಲ್ಲ, ತೆಂಗಿನಕಾಯಿಯಿಲ್ಲ. ತುಂಬಿದ ತಿಂಗಳ ಬುಷರಾ ಎಲ್ಲರಿಗಿಂತ ಮೊದಲು ಒಳಗೆ ಹೋಗಿ, ನೆಮ್ಮದಿಯಾಗಿ ಹೊರಬಂದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಇಂಥ ಉದ್ಘಾಟನೆ ಯಾವ ಮಂತ್ರಿಯ ಹಣೆಯಲ್ಲೂ ಬರೆದಿಲ್ಲ. ಗೌಹರಬಿ ಸಹಿ ಮಾಡಿದಳು. ಕೀಲಿಕೈಯನ್ನು ಸಾಹೇಬರಿಗೇ ಬಿಟ್ಟು, ಬೀಗವನ್ನು ಚೀಲಕ್ಕಿಳಿಸಿದಳು.

"ಕೇಸ್ ಮುಗೀತು ಅಂದ್ರೆ ಅವ್ರು ನಾಳೆ ಮತ್ತೆ ಲಾಕ್ ಹಾಕ್ತಾರೆ, ಆಂಟಿ," ಎಂದು ಕೋರ್ಟಿನಲ್ಲಿ ಶ್ರೇಯಾ ಪಿಸುಗುಟ್ಟಿದಳು.

ಗೇಟಿನ ಪೊಲೀಸರೊಂದಿಗೆ ಜಗಳವಾಡಿ ಒಳತಂದಿದ್ದ ಬೀಗವನ್ನು ಗೌಹರಬಿ ಜಡ್ಜರ ಮುಂದಿನ ಮೇಜಿನ ಮೇಲೆ ಠಣ್ಣೆಂದು ಇಟ್ಟಳು. ಅವಳು ಹಿಂದಿಯಲ್ಲಿ ಹೇಳಿದ್ದನ್ನು ಶ್ರೇಯಾ ಇಂಗ್ಲಿಷಿಗೆ ತಿರುಗಿಸಿದಳು: "ಬಾಗಿಲು ತೆರೆದಿದ್ದಾರೆ, ಸುಳ್ಳು ಹೇಳುವುದಿಲ್ಲ. ಈ ಬೀಗ ಮಾತ್ರ ನಿಮ್ಮ ಬಳಿ ಇರಲಿ. ಇವರ ಕೈಗೆ ಹೋದರೆ ನಾಳೆ ನಿಮ್ಮ ಬೋಣಿಗೆ ನಾನೇ ಬರುತ್ತೇನೆ."

ಜಡ್ಜರು ನಗು ತಡೆದು ಬೀಗವನ್ನು ಇಟ್ಟುಕೊಂಡರು. ಕೇಸು ಮುಚ್ಚುವುದಿಲ್ಲ, ತಿಂಗಳು ತಿಂಗಳೂ ಸಾಹೇಬರೇ ಬಂದು ವರದಿ ಒಪ್ಪಿಸಬೇಕು ಎಂದರು.

ಬುಷರಾಗೆ ಹೆಣ್ಣುಮಗು ಹುಟ್ಟಿದೆ. ಬಾಗಿಲು ತೆರೆದೇ ಇದೆ. ಕಾಶಿನಾಥರ ಜೇಬಿನಲ್ಲಿ ಆ ಕೀಲಿಕೈ ಈಗಲೂ ಇದೆಯಂತೆ, ಪಾಪ.