ಎರಡು ಅರ್ಧ ಕ್ಯಾನ್ ನೀರು

ಡೆಟ್ರಾಯ್ಟ್ ಹೊರವಲಯದ ಒಂದು ಹಳೆಯ ಬಂಗಲೆಯ ಹಿಂದೆ, ನಾಲ್ಕೂ ಕಡೆ ಇಟ್ಟಿಗೆ ಗೋಡೆಯಿರುವ ತರಕಾರಿ ತೋಟವಿದೆ. ನಡುವೆ ಕಲ್ಲಿನ ಅಂಚಿನ ದುಂಡನೆಯ ಕೊಳ. ಅಲಂಕಾರಕ್ಕೆಂದು ಕಟ್ಟಿದ್ದಲ್ಲ. ಪೈಪಿನ ನೀರು ಎಳೆಯ ಸಸಿಗಳಿಗೆ ತೀರಾ ತಣ್ಣಗೆ. ಅದು ಕೊಳದಲ್ಲಿ ನಿಂತು ಬಿಸಿಲಿಗೆ ಬೆಚ್ಚಗಾದ ಮೇಲೆ ಗಿಡಕ್ಕೆ ನೀರು ಹಾಕುವ ಕ್ಯಾನ್ ಮುಳುಗಿಸಿ ತುಂಬಿಕೊಳ್ಳಬೇಕು. ಹಿಂದಿನ ತೋಟಗಾರರ ಈ ಕ್ರಮವನ್ನು ಶನಿವಾರದ ಸ್ವಯಂಸೇವಕರು ಈಗಲೂ ಬಿಟ್ಟಿಲ್ಲ.

ಅಪ್ಪನಿಗೆ ಸ್ಟ್ರೋಕ್ ಆದ ಮೇಲೆ ನಾನು ವಾರಾಂತ್ಯಕ್ಕೆ ಡೆಸ್ ಪ್ಲೇನ್ಸ್‌ನಿಂದ ಐದು ತಾಸು ಡ್ರೈವ್ ಮಾಡಿಕೊಂಡು ಇಲ್ಲಿಯ ಅವರ ಮನೆಗೆ ಬರುತ್ತಿದ್ದೆ. ಅವರ ಎಡಗೈ ಬೆರಳುಗಳು ತಾವಾಗಿ ಮಡಚುತ್ತಿರಲಿಲ್ಲ. ಯಾರಾದರೂ ಮಡಚಿಕೊಟ್ಟರೆ ಹಿಡಿತವಿದೆ ಎಂದು ಥೆರಪಿಸ್ಟ್ ಹೇಳಿದ್ದರು. ಅಪ್ಪ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಊಟದ ತಟ್ಟೆ ಜರುಗಿದರೂ ಹಿಡಿದುಕೋ ಎನ್ನದೆ, ಹಸಿವಿಲ್ಲವೆಂದು ಎದ್ದುಬಿಡುತ್ತಿದ್ದರು. ಶನಿವಾರ ನನ್ನ ಜೊತೆ ಈ ತೋಟಕ್ಕೆ ಬರಲು ಒಪ್ಪಿದ್ದೇ ಹೆಚ್ಚು. ಅದನ್ನೂ ಬಿಟ್ಟಾರೆಂಬ ಭಯಕ್ಕೆ, ಅವರ ಕ್ಯಾನನ್ನು ಗೊತ್ತಾಗದಂತೆ ಅರ್ಧವಷ್ಟೇ ತುಂಬಿ ಕೊಟ್ಟೆ.

ಎತ್ತಿದ ಕೂಡಲೇ ಅಪ್ಪನಿಗೆ ತಿಳಿಯಿತು.

“ಇದೇನವಾ, ಗುಬ್ಬಿಗೆ ನೀರ್ ಇಡಾಕ ಹೊಂಟೀವೇನು?”

“ಹಂಗಲ್ಲಪ್ಪಾ, ಬೀನ್ಸ್‌ಗೆ ಅಷ್ಟು ಸಾಕು.”

“ಬೀನ್ಸ್‌ಗೆ ಸಾಕೋ, ನಿಮ್ಮಪ್ಪಗ ಸಾಕೋ?”

ನೀರನ್ನು ಕೊಳಕ್ಕೇ ಸುರಿದು, ತಾವೇ ಬಗ್ಗಿ ಅಂಚಿನವರೆಗೂ ತುಂಬಿಸಿಕೊಂಡು ಬಲಗೈಯಲ್ಲಿ ಎತ್ತಿದರು. ನಾಲ್ಕು ಹೆಜ್ಜೆಗೆ ಮೈ ಬಲಕ್ಕೆ ವಾಲಿತು. ಅರ್ಧ ನೀರು ಬೂಟಿನೊಳಗೆ. ನಾನು ಓಡಿಹೋಗಿ ಹಿಡಿಯಲಿಲ್ಲ. ಹಿಡಿದಿದ್ದರೆ ಮನೆಗೆ ನಡಿ ಎನ್ನುತ್ತಿದ್ದರು.

ತೋಟದ ಉಸ್ತುವಾರಿ ನೋಡುವ ಅಮೆರಿಕನ್ ಮಹಿಳೆ, ಎಪ್ಪತ್ತು ದಾಟಿದವರು, ಪಕ್ಕದ ಸಾಲಿನಿಂದ ತಲೆಯೆತ್ತಿದರು. ಇಲ್ಲಿ ಯಾರೂ ಒಂದೇ ಕ್ಯಾನ್ ಹೊರುವುದಿಲ್ಲ, ಸೊಂಟ ಹೋಗುತ್ತದೆ, ಎರಡು ಕೈಗೆ ಎರಡು, ಎರಡರಲ್ಲೂ ಅರ್ಧರ್ಧ ಎಂದು ಗದರಿ, ತಮ್ಮ ಜೋಡಿ ಎತ್ತಿಕೊಂಡು ನಡೆದರು. ಅವರವೂ ಅರ್ಧವೇ ತುಂಬಿದ್ದವು.

ಅಪ್ಪ ಅವರ ನಡಿಗೆಯನ್ನು ಸಾಲಿನ ಕೊನೆಯವರೆಗೂ ನೋಡಿದರು. ಆಮೇಲೆ ಎರಡು ಕ್ಯಾನ್ ಅರ್ಧರ್ಧ ತುಂಬಿಸಿ ಕೊಳದ ಅಂಚಿನ ಮೇಲಿಟ್ಟು, ಒಂದರ ಹಿಡಿಯ ಮೇಲೆ ಎಡಗೈ ಇರಿಸಿದರು. ಬೆರಳು ಮಡಚಲಿಲ್ಲ. ನಾನು ನೀರನ್ನೇ ನೋಡುತ್ತ ನಿಂತೆ.

“ಬೆರಳಷ್ಟು ಮಡಚಿ ಕೊಡವಾ,” ಎಂದರು. “ಎತ್ತೂದು ನಾ ಎತ್ತತೇನಿ.”

ಒಂದೊಂದೇ ಬೆರಳನ್ನು ಹಿಡಿಯ ಸುತ್ತ ಮಡಚಿದೆ. ಎಷ್ಟೋ ತಿಂಗಳ ಮೇಲೆ ಆ ಕೈ ಮುಟ್ಟಿದ್ದೆ. ಕೊಳದ ನೀರಿಗಿಂತ ತಣ್ಣಗಿತ್ತು. ಅಪ್ಪ ಎರಡನ್ನೂ ಎತ್ತಿಕೊಂಡು, ನೆಟ್ಟಗೆ, ನಿಧಾನಕ್ಕೆ ಬೀನ್ಸ್ ಸಾಲಿನತ್ತ ಹೋದರು. ತಲುಪಿದ ಮೇಲೆ ಅಲ್ಲಿಂದಲೇ ಕೂಗಿದರು:

“ಇನ್ನ ಇಳಸೂದು ಹೆಂಗ? ಬಾ, ಬೆರಳು ಬಿಡಸು!”