ಬಿಡಿ ಹಾಳೆಗೆ ಬಿದ್ದ ಸೊನ್ನೆ

ಸಂಜೆ ಶಾಲೆಯಲ್ಲಿ ಅವರನ್ನು ಎಲ್ಲರೂ ಕರೆಯುವುದು ಟು ಟೀಚರ್ ಎಂದೇ. ಟೈರ್ ಅಂಗಡಿಯ ಮಹಡಿಯಲ್ಲಿ ಒಂದೇ ಕೋಣೆ, ಹನ್ನೆರಡು ಬೆಂಚು. ಕಿಟಕಿ ತೆರೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಸೆಕೆ. ಹಗಲೆಲ್ಲ ದುಡಿದು ಬಂದವರು ಅಲ್ಲಿ ಇಂಗ್ಲಿಷ್ ಕಲಿಯುತ್ತಾರೆ. ಬಸ್ ಡ್ರೈವರ್ ಇದ್ದಾನೆ, ಆಸ್ಪತ್ರೆಯ ಆಯಾ ಇದ್ದಾಳೆ, ಲಿಫ್ಟ್ ರಿಪೇರಿಯವನಿದ್ದಾನೆ, ಶರ್ಟ್ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವವಳೂ ಇದ್ದಾಳೆ. ಇಪ್ಪತ್ತಾರು ವರ್ಷದಿಂದ ಟೀಚರು ಅದೇ ಪಾಠಗಳನ್ನು ಅದೇ ಹುರುಪಿನಲ್ಲಿ ಮಾಡುತ್ತ ಬಂದಿದ್ದಾರೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟರಲ್ಲಿ ತಲೆ ಚಿಟ್ಟು ಹಿಡಿದು ಮನೆ ಸೇರುತ್ತಿದ್ದರು.

ಅವರಿಗೆ ಆ ಹೆಸರು ತಂದ ಪಾಠ ಒಂದಿದೆ.

"ನಮ್ಮ ಭಾಷೇಲಿ ಯಾರಿಗೆ, ಏನು, ಎಲ್ಲ ಹೇಳಿ ಕೊನೇಲಿ ಮಾತು ಕೊಡ್ತೀವಿ. ತಮ್ಮನಿಗೆ ಬೀಗದಕೈ ಕೊಡೋ ಮಾತು. ಇಂಗ್ಲಿಷ್‌ನೋರು ಹಾಗಲ್ಲ, ಮೊದಲೇ ಮಾತು ಕೊಟ್ಟುಬಿಡ್ತಾರೆ. ಪ್ರಾಮಿಸ್. ಅದರ ಹಿಂದೆ ಟು ಗಿವ್. ಆಮೇಲೆ ಯಾರಿಗೆ? ಹಿಸ್ ಬ್ರದರ್. ಕೊನೆಗೆ ಏನು? ದ ಕೀ. ಮನುಷ್ಯ ಮುಂದೆ, ವಸ್ತು ಹಿಂದೆ. ತಿರುಗಾ ಮುರುಗಾ ಮಾಡಿದ್ರೆ ಬೀಗದಕೈಗೆ ತಮ್ಮನ್ನ ಕೊಟ್ಟ ಹಾಗಾಗುತ್ತೆ."

ಪ್ರಾಮಿಸ್ ಜಾಗದಲ್ಲಿ ಪ್ಲಾನ್ ಬರಲಿ, ಚಾನ್ಸ್ ಬರಲಿ, ಡಿಸಿಷನ್ ಬರಲಿ, ಅದರ ಹಿಂದೆ ಬರುವ ಸಾಲು ಕದಲುವುದಿಲ್ಲ. ಪ್ರತಿ ಗುರುವಾರ ಇಂಥ ಒಂದು ತುಂಡು ವಾಕ್ಯ ಬರೆದು ತರಬೇಕು, ಪೂರ್ತಿ ಮಾಡಬೇಕಿಲ್ಲ; ಟೀಚರು ಅದನ್ನೂ ವಾಕ್ಯವೆಂದೇ ಕರೆಯುತ್ತಾರೆ. ಅದಕ್ಕೊಂದು ಕಟ್ಟುನಿಟ್ಟಿನ ನಿಯಮ: ವಾಕ್ಯ ಬರೆದವರ ಬದುಕಿನದಾಗಿರಬೇಕು, ನಿಜವಾಗಿರಬೇಕು. ಕದ್ದ ವಾಕ್ಯ ನಾಲಿಗೆಗೆ ಅಂಟುವುದಿಲ್ಲ ಎಂಬುದು ಟೀಚರ ನಂಬಿಕೆ. ಸಾಹೇಬರು ತನಗೆ ರಜೆ ಕೊಡಲು ಒಪ್ಪದ್ದನ್ನು ಡ್ರೈವರ್ ಬರೆದು ತಂದಾಗ ಹತ್ತಕ್ಕೆ ಹತ್ತು ಸಿಕ್ಕಿತು. ರಾಜ ಮಂತ್ರಿಗೆ ಆನೆ ಕೊಡುವ ವಾಕ್ಯ ತಂದ ಲಿಫ್ಟಿನವನಿಗೆ ಸೊನ್ನೆ.

"ಎಲ್ಲಿ ಕಟ್ಟಿದ್ದೀಯಪ್ಪ ಆನೇನ?" ಎಂದು ಕೇಳಿದ್ದರು.

ಈಗ ಟೀಚರ ಅಕ್ಕನ ವಿಷಯಕ್ಕೆ ಬರೋಣ. ಅಪ್ಪ ಹಾಸಿಗೆ ಹಿಡಿದಾಗ ಅಕ್ಕ ಶಾಲೆ ಬಿಟ್ಟು ಶರ್ಟ್ ಫ್ಯಾಕ್ಟರಿಯ ಕಾಜಾ ಮೆಷಿನ್ನಿನ ಮುಂದೆ ಕುಳಿತಳು. ಗುಂಡಿ ತೂರುವ ತೂತಿಗೆ ಸುತ್ತ ದಾರ ಹಾಕುವ ಕೆಲಸ. ತಂಗಿಯ ಕಾಲೇಜು, ಟೀಚರ್ ಟ್ರೈನಿಂಗ್, ಎಲ್ಲವೂ ಆ ತೂತುಗಳಿಂದಲೇ ಬಂದದ್ದು. ಕೆಲಸದ ಆರ್ಡರ್ ಕೈಗೆ ಬಂದ ದಿನ ತಂಗಿ ಅಕ್ಕನ ಕುತ್ತಿಗೆಗೆ ಜೋತುಬಿದ್ದು, "ನಿನಗೆ ಇಂಗ್ಲಿಷ್ ನಾನೇ ಕಲಿಸ್ತೀನಿ ಅಕ್ಕ" ಅಂದಿದ್ದಳು. ಅಕ್ಕ ಅದನ್ನು ನಂಬಿ ಇನ್ನೂರು ಪುಟದ ನೋಟ್‌ಬುಕ್ ತಂದು ಗೆರೆ ಎಳೆದಿಟ್ಟುಕೊಂಡಳು. ಮೂರು ಸಲ ಕೇಳಿದಳು. ಮೂರು ಸಲವೂ, "ಪರೀಕ್ಷೆ ಒಂದು ಮುಗೀಲಿ ಅಕ್ಕ" ಎಂಬ ಉತ್ತರ ಬಂತು. ಮೇಷ್ಟ್ರ ಕೆಲಸದಲ್ಲಿ ಪರೀಕ್ಷೆ ಮುಗಿಯುವುದುಂಟೆ? ನಾಲ್ಕನೆಯ ಸಲ ಅಕ್ಕ ಕೇಳಲಿಲ್ಲ. ಭಾನುವಾರಕ್ಕೊಮ್ಮೆ ಇಬ್ಬರೂ ಕೂತು ಊಟ ಮಾಡುತ್ತಾರೆ, ನಗುತ್ತಾರೆ, ಮೊಣಕಾಲು ನೋವಿನ ಮಾತಾಡುತ್ತಾರೆ. ಅಕ್ಕ ಮರೆತಿದ್ದಾಳೆ ಎಂದು ಟೀಚರು ತಿಳಿದಿದ್ದರು. ಮರೆತವರು ಯಾರು ಎಂಬುದು ಬೇರೆ ಮಾತು.

ಒಂದು ಗುರುವಾರ ಕಾಲರಿನವಳ ನೋಟ್‌ಬುಕ್ಕಿನೊಳಗೆ ಒಂದು ಬಿಡಿ ಹಾಳೆ ಇತ್ತು. ಹುಡುಗಿ ಹುಮ್ಮಸ್ಸಿನಲ್ಲಿ ಎರಡು ವಾಕ್ಯ ಬರೆದಿದ್ದಾಳೆ ಅಂದುಕೊಂಡರು ಟೀಚರು. ಒತ್ತಿ ಒತ್ತಿ ಬರೆದ ದಪ್ಪ ಅಕ್ಷರ: ಮೈ ಸಿಸ್ಟರ್ಸ್ ಪ್ರಾಮಿಸ್ ಟು ಟೀಚ್ ಇಂಗ್ಲಿಷ್ ಮಿ. ಕೆಂಪು ಪೆನ್ನಿನಿಂದ ಬಾಣ ಎಳೆದು 'ಮಿ'ಯನ್ನು ಮುಂದಕ್ಕೆ ತಂದರು. ಆಮೇಲೆ ನೆನಪಾಯಿತು, ಈ ಹುಡುಗಿಗೆ ನಾಲ್ವರು ಅಣ್ಣಂದಿರು, ಅಕ್ಕತಂಗಿಯರು ಒಬ್ಬರೂ ಇಲ್ಲ. ಕೆಳಗೆ, "ಸುಳ್ಳು" ಎಂದು ಬರೆದು ದುಂಡಗೆ ಸೊನ್ನೆ ಸುತ್ತಿದರು.

ಸೋಮವಾರದ ತರಗತಿಯಲ್ಲಿ ನೋಟ್‌ಬುಕ್ ವಾಪಸ್ ಕೊಟ್ಟರು. ಅದಾದ ಎರಡನೆಯ ದಿನ ಎಲ್ಲರೂ ಇಳಿದುಹೋದ ಮೇಲೂ ಕಾಲರಿನವಳು ಮೇಜಿನ ಹತ್ತಿರ ನಿಂತೇ ಇದ್ದಳು.

"ಮಿಸ್, ಆ ಬಿಡಿ ಹಾಳೆ ನಂದಲ್ಲ. ನಮ್ಮ ಫ್ಯಾಕ್ಟರೀಲಿ ಕಾಜಾ ಅಕ್ಕ ಅಂತ ಇದ್ದಾರೆ, ಅವರದು. ನೀವು ಇಲ್ಲಿ ಹೇಳಿಕೊಟ್ಟಿದ್ದನ್ನ ಊಟದ ಹೊತ್ತಲ್ಲಿ ನಾನು ಅವರಿಗೆ ಹೇಳಿಕೊಡ್ತೀನಿ. ಒಂದೂವರೆ ವರ್ಷ ಆಯ್ತು. ಒಂದು ಸಲ ಮಿಸ್ ಹತ್ರ ತಿದ್ದಿಸೋಣ ಅಂತ ನಾನೇ ಇಟ್ಟಿದ್ದೆ."

ಆ ಫ್ಯಾಕ್ಟರಿಯಲ್ಲಿ ಕಾಜಾ ಅಕ್ಕ ಎಂದರೆ ಒಬ್ಬಳೇ, ಟೀಚರ ಅಕ್ಕ. ಟೀಚರು, "ಹಾಳೆ ನೋಡಿ ಏನಂದ್ರು?" ಎಂದು ಕೇಳಿದರು.

"ಮಡಚಿ ಇಟ್ಟುಕೊಂಡ್ರು."

ಭಾನುವಾರದವರೆಗೆ ಕಾಯುವ ತಾಳ್ಮೆ ಟೀಚರಿಗೆ ಇರಲಿಲ್ಲ. ನೆಟ್ಟಗೆ ಅಕ್ಕನ ಕೋಣೆಗೆ ಹೋದರು. ಅಕ್ಕ ಒಗೆದ ಬಟ್ಟೆ ಮಡಚುತ್ತಿದ್ದಳು. ತಂಗಿಯ ಮುಖ ನೋಡಿದೊಡನೆ ಅವಳಿಗೆ ಗೊತ್ತಾಯಿತು.

"ಹೇಳಿಬಿಟ್ಟಳಾ? ಹೇಳಬೇಡ ಅಂದಿದ್ದೆ."

"ನನಗೆ ನೆನಪಾಗಲಿ ಅಂತ ಬರೆದೆಯಾ ಅಕ್ಕ?"

"ಛೆ, ಇಲ್ಲ ಕಣೇ. ನಿಜಾನೇ ಬರೀಬೇಕು ಅಂದಳು ಆ ಹುಡುಗಿ. ಹುಡುಕಿದೆ. ಆ ಅಳತೆಗೆ ಕೂರೋ ನಿಜ ನನ್ನ ಹತ್ರ ಅದೊಂದೇ ಇತ್ತು." ಅಕ್ಕ ಒಂದು ಟವೆಲನ್ನು ಕೊಡವಿದಳು. "ಸೊನ್ನೆ ನೋಡಿ ಮೊದಲು ನಗು ಬಂತು. ಆಮೇಲೆ ಬರಲಿಲ್ಲ."

ಟೀಚರು ಅವಳ ಕೈಹಿಡಿದುಕೊಂಡರು. ಕಾಜಾ ಮೆಷಿನ್ನಿನ ಕೈ, ತೋರುಬೆರಳು ಡೊಂಕು. "ನಾಳೆಯಿಂದ ನಾನೇ ಕಲಿಸ್ತೀನಿ. ದಿನಾ ಬರ್ತೀನಿ. ಈ ಸಲ ನೆಪ ಹೇಳಲ್ಲ" ಅಂದರು. ಜೀವಮಾನದಲ್ಲಿ ಯಾವುದನ್ನೂ ಅವರು ಅಷ್ಟು ಆಸೆಪಟ್ಟು ಕೇಳಿರಲಿಲ್ಲ.

ಅಕ್ಕ ತಂಗಿಯ ಕೈ ಸವರಿದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ, ಟೀಚರಿಗೆ ಅದೇ ಹೆಚ್ಚು ಕಷ್ಟವಾಯಿತು.

"ಬೇಡ ಪುಟ್ಟಿ. ಆ ಹುಡುಗಿಗೆ ಊಟಕ್ಕೆ ಸಿಗೋದೇ ಅರ್ಧ ಗಂಟೆ. ಅದರಲ್ಲಿ ಕಾಲು ಗಂಟೆ ನನಗೆ ಕೊಡ್ತಾಳೆ, ಆರಿದ ಅನ್ನ ತಿಂತಾಳೆ. ದೊಡ್ಡ ಟೀಚರ್ ಸಿಕ್ಕಳು ಅಂತ ಅವಳನ್ನ ಬಿಟ್ಟುಬಿಟ್ರೆ ನಾನೆಂಥ ಮನುಷ್ಯಳು? ನೀನು ತಿದ್ದಿಕೊಡು, ಸಾಕು."

ಟೀಚರು ಅತ್ತರು. ಅಕ್ಕ ಸೆರಗಿನಿಂದ ತಂಗಿಯ ಮುಖ ಒರೆಸಿ, ಉಳಿದ ಬಟ್ಟೆ ಮಡಚಲು ಅವರ ಕೈಗೂ ಒಂದಷ್ಟು ಕೊಟ್ಟಳು. ಊರಿಗೆಲ್ಲ ಹಂಚಿದ ವಿದ್ಯೆ ಅಕ್ಕನ ಮನೆಗೆ ತಲುಪಿತ್ತು, ಆದರೆ ಬೇರೆಯವಳ ಕೈಯಿಂದ.

ಮುಂದಿನ ಗುರುವಾರ ಮತ್ತೆ ಬಿಡಿ ಹಾಳೆ ಬಂತು. ಮೈ ಫ್ರೆಂಡ್ಸ್ ಡಿಸಿಷನ್ ಟು ಟೀಚ್ ಮಿ ಇಂಗ್ಲಿಷ್. ಟೀಚರು ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ನೋಡಿದರು. ತಿದ್ದಲು ಏನೂ ಇರಲಿಲ್ಲ, ವಾಕ್ಯ ನಿಜವೂ ಆಗಿತ್ತು. ಹತ್ತಕ್ಕೆ ಹತ್ತು ಹಾಕಿದರು.